ಮೊಲದ ಥೈಮಸ್ ಗ್ರಂಥಿ: ವಯಸ್ಸಿಗೆ ತಕ್ಕ ಬದಲಾವಣೆಗಳು

ತಾಯಿಯ ಹಾಲು ಬಿಡಿಸಿದ ಕೆಲವೇ ದಿನಗಳಲ್ಲಿ, ಚೆನ್ನಾಗಿದ್ದ ಮೊಲದ ಮರಿಗಳು ಭೇದಿಯಾಗಿ ಸಾಯುವುದುಂಟು. ಪಕ್ಕದ ಗೂಡಿನ ದೊಡ್ಡ ಮೊಲಗಳು ಆರೋಗ್ಯವಾಗಿಯೇ ಇರುತ್ತವೆ. ಮರಿಗಳ ರೋಗನಿರೋಧಕ ಶಕ್ತಿ ಇನ್ನೂ ಬಲಿಯದಿರುವುದು ಇದಕ್ಕೆ ಒಂದು ಮುಖ್ಯ ಕಾರಣ. ಈ ಶಕ್ತಿಯನ್ನು ರೂಪಿಸುವ ಅಂಗವೇ ಥೈಮಸ್ ಗ್ರಂಥಿ.

ಗ್ರಂಥಿಯ ಕೆಲಸ

ಥೈಮಸ್ ಎದೆಗೂಡಿನಲ್ಲಿ, ಹೃದಯದ ಬಳಿ ಇರುವ ಮೃದುವಾದ ಗ್ರಂಥಿ. ರೋಗಾಣುಗಳನ್ನು ಗುರುತಿಸಿ ಎದುರಿಸುವ 'ಟಿ' ಜಾತಿಯ ಬಿಳಿ ರಕ್ತಕಣಗಳು ಇಲ್ಲಿ ಪಕ್ವವಾಗುತ್ತವೆ. 1961ರಲ್ಲಿ ಜಾಕ್ ಮಿಲ್ಲರ್ ಎಂಬ ವಿಜ್ಞಾನಿ, ಆಗತಾನೆ ಹುಟ್ಟಿದ ಇಲಿಮರಿಗಳಿಂದ ಈ ಗ್ರಂಥಿಯನ್ನು ತೆಗೆದರೆ ಅವು ಸೋಂಕಿಗೆ ಸುಲಭವಾಗಿ ತುತ್ತಾಗುತ್ತವೆ ಎಂದು ತೋರಿಸಿದರು.

ವಯಸ್ಸಾದಂತೆ

ಎಳೆಯ ಮೊಲದ ಥೈಮಸ್ಸನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕಣಗಳು ಒತ್ತಾಗಿ ತುಂಬಿದ ದಪ್ಪ ಹೊರಪದರವೂ ತಿಳಿಯಾದ ಒಳತಿರುಳೂ ಸ್ಪಷ್ಟವಾಗಿ ಕಾಣುತ್ತವೆ. ಮೊಲ ಪ್ರಾಯಕ್ಕೆ ಬಂದ ಮೇಲೆ ಹೊರಪದರ ತೆಳುವಾಗುತ್ತದೆ, ಕಣಗಳು ವಿರಳವಾಗುತ್ತವೆ, ಅವುಗಳ ಜಾಗದಲ್ಲಿ ಕೊಬ್ಬು ಸೇರುತ್ತದೆ. ಆದರೂ ಬೆಳೆದ ಮೊಲದಲ್ಲಿ ಗ್ರಂಥಿ ಪೂರ್ತಿ ಮಾಯವಾಗುವುದಿಲ್ಲ. ಇದು ರೋಗವಲ್ಲ, ಸಹಜ ಕ್ರಿಯೆ. ಮೊದಲೇ ಪಕ್ವವಾದ ಕಣಗಳು ಗುಲ್ಮ ಮತ್ತು ದುಗ್ಧಗ್ರಂಥಿಗಳಲ್ಲಿ ನೆಲೆಸಿ ಕಾವಲು ಕಾಯುತ್ತಿರುತ್ತವೆ. ಎಳವೆಯ ಈ ಗಳಿಕೆಯೇ ದೊಡ್ಡ ಮೊಲಕ್ಕೆ ಆಸರೆ.

ಅಕಾಲದ ಕುಗ್ಗುವಿಕೆ

ಹಸಿವು, ವಿಪರೀತ ಸೆಕೆ, ಇಕ್ಕಟ್ಟು, ಕಾಯಿಲೆ ಇವುಗಳಿಂದಲೂ ಥೈಮಸ್ ಕುಗ್ಗುತ್ತದೆ. ಇಂತಹ ಸಂಕಟದಲ್ಲಿ ಅಡ್ರಿನಲ್ ಗ್ರಂಥಿ ಸ್ರವಿಸುವ ಹಾರ್ಮೋನು ಹೊರಪದರದ ಕಣಗಳನ್ನು ನಾಶಮಾಡುತ್ತದೆ. ಸಂಕಟ ಬೇಗ ನೀಗಿದರೆ ಎಳೆಯ ಪ್ರಾಣಿಯಲ್ಲಿ ಗ್ರಂಥಿ ಮತ್ತೆ ಚೇತರಿಸಿಕೊಳ್ಳಬಲ್ಲದು. ವಯಸ್ಸಿನ ಕುಗ್ಗುವಿಕೆಯನ್ನು ತಡೆಯಲಾಗದು; ಇದನ್ನು ಬಹುಮಟ್ಟಿಗೆ ತಡೆಯಬಹುದು.

ಸಾಕುವವರು ಗಮನಿಸಬೇಕಾದ ಅಂಶಗಳು

1. ಮರಿಗಳಿಗೆ 4 ವಾರ ತುಂಬುವ ಮೊದಲು ಹಾಲು ಬಿಡಿಸಬಾರದು.

2. ಹಾಲು ಬಿಡಿಸುವಾಗ ತಾಯಿಯನ್ನು ಬೇರೆಡೆಗೆ ಒಯ್ದು, ಮರಿಗಳನ್ನು ಕೆಲವು ದಿನ ಅದೇ ಗೂಡಿನಲ್ಲಿ ಒಟ್ಟಿಗೆ ಬಿಡುವುದು ಒಳ್ಳೆಯದು.

3. ಆಹಾರವನ್ನು ಒಮ್ಮೆಲೇ ಬದಲಿಸದೆ, ಸುಮಾರು ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸಬೇಕು. ಒಣಹುಲ್ಲು ಮತ್ತು ಶುದ್ಧ ನೀರು ಸದಾ ಸಿಗುವಂತಿರಬೇಕು.

4. ಬೇಸಿಗೆಯಲ್ಲಿ ಗೂಡಿಗೆ ನೆರಳು, ಗಾಳಿ ಇರಬೇಕು.

5. ಕಾಕ್ಸಿಡಿಯೋಸಿಸ್ ರೋಗ ಹಿಕ್ಕೆಯ ಮೂಲಕ ಹರಡುವುದರಿಂದ ಗೂಡನ್ನು ದಿನವೂ ಶುಚಿಮಾಡಬೇಕು. ಭೇದಿ ಕಂಡ ಮರಿಯನ್ನು ಕೂಡಲೇ ಬೇರ್ಪಡಿಸಿ ಪಶುವೈದ್ಯರಿಗೆ ತೋರಿಸಬೇಕು.

ಥೈಮಸ್ ತನ್ನ ಕೆಲಸದ ಬಹುಪಾಲನ್ನು ಮೊಲದ ಮೊದಲ ಕೆಲವು ತಿಂಗಳುಗಳಲ್ಲೇ ಮುಗಿಸುತ್ತದೆ. ಆ ಅವಧಿಯಲ್ಲಿ ಮರಿಗೆ ಕೊಡುವ ಆರೈಕೆ ಅದರ ಮುಂದಿನ ಬಾಳಿಗೆ ಬುನಾದಿ.