ಪದವಿ ಪತ್ರದ ನಕಲಿಗೆ ಯಾರ ಸಹಿ?

ಪ್ರಶ್ನೆ: ಅಂಕಪಟ್ಟಿ, ಪದವಿ ಪತ್ರಗಳ ಜೆರಾಕ್ಸ್‌ಗೆ ಈಗಲೂ ಪತ್ರಾಂಕಿತ ಅಧಿಕಾರಿಯ ಸಹಿ ಬೇಕೇ?

ಉತ್ತರ: ಬಹುತೇಕ ಕಡೆ ಬೇಡ. ಹಿಂದೆ ಹಸಿರು ಶಾಯಿಯ ಸಹಿ, ಮೊಹರಿಗಾಗಿ ಪತ್ರಾಂಕಿತ ಅಧಿಕಾರಿಯಾದ ಪ್ರಾಂಶುಪಾಲರ ಕೋಣೆಯ ಮುಂದೆ ಕಾಯಬೇಕಿತ್ತು. ಗುರುತೇ ಇಲ್ಲದವರ ಕಾಗದಕ್ಕೆ ಅವರು ಹಾಕುತ್ತಿದ್ದ ಸಹಿಯಿಂದ ಏನು ಖಾತ್ರಿಯಾಗುತ್ತಿತ್ತೋ! ಎರಡನೇ ಆಡಳಿತ ಸುಧಾರಣಾ ಆಯೋಗದ ಸಲಹೆಯಂತೆ 2013ರಿಂದೀಚೆಗೆ ಕೇಂದ್ರ ಸರ್ಕಾರ ಸ್ವಯಂ ದೃಢೀಕರಣಕ್ಕೆ ಒತ್ತು ಕೊಟ್ಟಿತು. ನಕಲಿನ ಮೇಲೆ ‘ಸ್ವಯಂ ದೃಢೀಕೃತ’ ಎಂದು ಬರೆದು ನಿಮ್ಮದೇ ಸಹಿ, ಹೆಸರು, ದಿನಾಂಕ ಹಾಕಿದರಾಯಿತು. ಮೂಲ ಪ್ರತಿಯನ್ನು ನೇಮಕಾತಿ ಅಥವಾ ಪ್ರವೇಶದ ಅಂತಿಮ ಹಂತದಲ್ಲಿ ನೋಡುತ್ತಾರೆ. ಘಟಿಕೋತ್ಸವದ ಪ್ರಮಾಣಪತ್ರ ಇನ್ನೂ ಕೈಸೇರದಿದ್ದರೆ ವಿಶ್ವವಿದ್ಯಾಲಯದಿಂದ ತಾತ್ಕಾಲಿಕ ಪದವಿ ಪ್ರಮಾಣಪತ್ರ ಪಡೆಯಿರಿ. ವಿದೇಶಕ್ಕೆ ಹೋಗುವವರಿಗೆ ಸ್ವಂತ ಸಹಿ ಸಾಲದು, ವಿದೇಶಾಂಗ ಸಚಿವಾಲಯದ ‘ಅಪೊಸ್ಟಿಲ್’ ಎಂಬ ದೃಢೀಕರಣ ಬೇಕಾಗಬಹುದು. ಸುಳ್ಳು ಪತ್ರಕ್ಕೆ ಸಹಿ ಮಾಡಿದವರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಬಹುದು, ಸಿಕ್ಕ ಕೆಲಸವೂ ಹೋಗಬಹುದು.