ದೊಡ್ಡಪತ್ರೆ: ಬೇಕಾದ ನೀರು ಕಡಿಮೆ, ಉಪಕಾರ ಹೆಚ್ಚು

ಕರಾವಳಿಯ ನಾವು ಸಾಂಬ್ರಾಣಿ ಸೊಪ್ಪು ಎಂದು ಕರೆಯುವ ಗಿಡವೇ ಬಯಲುಸೀಮೆಯ ದೊಡ್ಡಪತ್ರೆ. ಇದು ತುಳಸಿ, ಪುದೀನಗಳ ಕುಟುಂಬಕ್ಕೆ ಸೇರಿದ್ದು. ದಪ್ಪ ಎಲೆಯನ್ನು ಉಜ್ಜಿದರೆ ಓಮದ ವಾಸನೆ ಬರುತ್ತದೆ. ಇದರ ಮೂಲ ಆಫ್ರಿಕ ಖಂಡ. 'ಕೋಲಿಯಸ್ ಅಂಬೊಯಿನಿಕಸ್' ಎಂಬ ಶಾಸ್ತ್ರೀಯ ಹೆಸರನ್ನು 1790ರಲ್ಲಿ ಪ್ರಕಟಿಸಿದವರು ವಿಯೆಟ್ನಾಮಿನಲ್ಲಿ ಸೇವೆ ಸಲ್ಲಿಸಿದ್ದ ಯೇಸುಸಭೆಯ ಪೋರ್ಚುಗೀಸ್ ಗುರು ಲೊರೇರೊ.

ಹರಿಹರದ ಆರೋಗ್ಯಮಾತೆಯ ಬೆಸಿಲಿಕಾಕ್ಕೆ ನಮ್ಮವರು ಯಾತ್ರೆ ಹೋಗುವುದುಂಟು. ಅಲ್ಲಿಂದ ದಾವಣಗೆರೆ ದಾಟಿ ಚಿತ್ರದುರ್ಗದ ಕಡೆ ಸಾಗಿದರೆ ಆನಗೋಡು ಸಿಗುತ್ತದೆ. ಆ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಮಾತ್ರ. ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಈ ಗಿಡಕ್ಕೆ ಅಂತಹ ಒಣಹವೆ ಹಿಡಿಸುತ್ತದೆ. ನಮ್ಮಲ್ಲಿ 3,500 ಮಿ.ಮೀ.ಗೂ ಹೆಚ್ಚು ಮಳೆ. ಆದ್ದರಿಂದ ಇಲ್ಲಿ ಗಿಡ ಸಾಯುವುದು ಹೆಚ್ಚಾಗಿ ಬೇರು ಕೊಳೆತು.

ನೆಡುವ ಕ್ರಮ

ಬೀಜ ಬೇಡ. ನಾಲ್ಕೈದು ಅಂಗುಲದ ಕಡ್ಡಿ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಒಂದು ದಿನ ನೆರಳಿನಲ್ಲಿಡಿ. ಕೆಮ್ಮಣ್ಣು, ಮರಳು, ಕೊಳೆತ ಸೆಗಣಿ ಗೊಬ್ಬರ ಸಮಪಾಲು ಬೆರೆಸಿ, ತಳದಲ್ಲಿ ತೂತಿರುವ ಕುಂಡದಲ್ಲಿ ನೆಡಿ. ಎರಡು ಮೂರು ವಾರಗಳಲ್ಲಿ ಬೇರು ಬಿಡುತ್ತದೆ. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಕೊಡಿ. ಬೆಳಗಿನ ಬಿಸಿಲು ಸಾಕು. ತುದಿ ಚಿವುಟುತ್ತಿದ್ದರೆ ಗಿಡ ಪೊದೆಯಾಗುತ್ತದೆ. ಆನಗೋಡಿನ ಕಡೆ ಮುಂಗಾರಿನ ಆರಂಭದಲ್ಲೇ ನೆಡಬಹುದು. ಕರಾವಳಿಯಲ್ಲಿ ಮಳೆ ಇಳಿಮುಖವಾಗುವ ಸೆಪ್ಟೆಂಬರ್ ಒಳ್ಳೆಯದು. ಮಳೆಗಾಲದಲ್ಲಿ ಕುಂಡವನ್ನು ಮಾಡಿನ ಕೆಳಗೆ ಸರಿಸಿ.

ಬಳಕೆ ಮತ್ತು ಎಚ್ಚರಿಕೆ

ಎಲೆಯನ್ನು ಜೀರಿಗೆ, ಕಾಳುಮೆಣಸಿನೊಂದಿಗೆ ಬಾಡಿಸಿ, ತೆಂಗಿನತುರಿ ಸೇರಿಸಿ ಅರೆದು, ಮಜ್ಜಿಗೆ ಬೆರೆಸಿದರೆ ತಂಬುಳಿ. ಬಜ್ಜಿಯೂ ರುಚಿ. ಶೀತ, ಕೆಮ್ಮಿಗೆ ಬಾಡಿಸಿದ ಎಲೆಯ ರಸ ಕೊಡುವುದು ನಮ್ಮ ಅಜ್ಜಿಯಂದಿರ ಕಾಲದ ಪದ್ಧತಿ. ಆದರೆ ಒಂದು ವರ್ಷದೊಳಗಿನ ಮಗುವಿಗೆ ರಸದ ಜೊತೆ ಜೇನು ನೆಕ್ಕಿಸಬಾರದು. ಜೇನಿನಲ್ಲಿರಬಹುದಾದ ಸೂಕ್ಷ್ಮಾಣುವಿನಿಂದ ಪ್ರಾಣಾಪಾಯವುಂಟು. ಮಗುವಿಗೆ ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಎರಡು ವಾರ ದಾಟಿದ ಕೆಮ್ಮಿಗೆ ಕ್ಷಯರೋಗದ ಪರೀಕ್ಷೆ ಮಾಡಿಸಲೇಬೇಕು. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದು ಉಚಿತ. ಮನೆಮದ್ದನ್ನು ನಂಬಿ ದಿನ ದೂಡಿದರೆ ಮನೆಮಂದಿಗೂ ರೋಗ ಹರಡುತ್ತದೆ.

ಸೆಪ್ಟೆಂಬರ್ 8ರಂದು ಹರಿಹರದಲ್ಲಿ ಆರೋಗ್ಯಮಾತೆಯ ಹಬ್ಬ, ನಮ್ಮಲ್ಲಿ ತೆನೆಹಬ್ಬ. ಅಂದು ವಾಳೆಯ ಗುರಿಕಾರರು ಮನೆಗೊಂದು ಕಡ್ಡಿ ಹಂಚಲಿ. ಅದರೊಂದಿಗೆ ಈ ಎಚ್ಚರಿಕೆಯ ಮಾತನ್ನೂ ತಲುಪಿಸಲಿ ಎಂದು ನಾವು ವಿನಂತಿಸುತ್ತೇವೆ.