ವುಲ್ವರೀನ್‌ಗೆ ಹಿಮ ಬೇಕೇ ಬೇಕೆ?

ವುಲ್ವರೀನ್ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬೆರಳ ಸಂದಿಯಿಂದ ಲೋಹದ ಉಗುರು ಚಾಚುವ ಸಿನಿಮಾ ನಾಯಕ. ಆ ಹೆಸರಿನ ನಿಜವಾದ ಪ್ರಾಣಿಯೊಂದಿದೆ. ಅದು ಅಲಾಸ್ಕ, ಕೆನಡಾ, ನಾರ್ವೆ, ಸ್ವೀಡನ್, ರಷ್ಯಾ, ಮಂಗೋಲಿಯಾದಂತಹ ಚಳಿ ನಾಡುಗಳಲ್ಲಿ ವಾಸಿಸುತ್ತದೆ. ಭಾರತದಲ್ಲಿಲ್ಲ. ಆದರೆ ಅದರ ಬಳಗದವರು ನಮ್ಮ ರಾಜ್ಯದಲ್ಲೇ ಇದ್ದಾರೆ. ತುಂಗಭದ್ರೆಯ ನೀರುನಾಯಿ, ಕಾವೇರಿ ಕಾಡಿನ ತರಕರಡಿ ಇವೆಲ್ಲ ವುಲ್ವರೀನ್ ಸೇರಿದ ಮಸ್ಟೆಲಿಡೇ ಕುಟುಂಬದವೇ. ಈ ಕುಟುಂಬದಲ್ಲಿ ನೆಲದ ಮೇಲೆ ಬದುಕುವವರ ಪೈಕಿ ವುಲ್ವರೀನ್ ಅತಿ ದೊಡ್ಡದು. ಹಾಗಿದ್ದೂ ಗಂಡಿನ ತೂಕ ಸಾಮಾನ್ಯವಾಗಿ 12ರಿಂದ 18 ಕಿಲೋ, ಅಂದರೆ ಒಂದು ಮಧ್ಯಮ ಗಾತ್ರದ ನಾಯಿಯಷ್ಟೇ. ಹೆಣ್ಣು ಇನ್ನೂ ಹಗುರ.

ಇದರ ವೈಜ್ಞಾನಿಕ ಹೆಸರು ಗುಲೊ ಗುಲೊ. ಲ್ಯಾಟಿನ್‌ನಲ್ಲಿ ಹೊಟ್ಟೆಬಾಕ ಎಂದರ್ಥ. ಈ ಬಿರುದು ಸ್ವಲ್ಪ ಅನ್ಯಾಯದ್ದು. ಚಳಿಗಾಲದಲ್ಲಿ ಆಹಾರ ಅಪರೂಪ. ತೋಳಗಳು ತಿಂದು ಬಿಟ್ಟದ್ದು, ಹಿಮಕುಸಿತಕ್ಕೆ ಸಿಕ್ಕಿ ಸತ್ತ ಮೇಕೆ ಅಥವಾ ಕಡವೆ ಜಾತಿಯ ಪ್ರಾಣಿಗಳ ಕಳೇಬರ, ಇವುಗಳನ್ನು ವಾಸನೆಯಿಂದ ಪತ್ತೆಹಚ್ಚಿ ತಿನ್ನುತ್ತದೆ. ಉಳಿದದ್ದನ್ನು ಹಿಮದೊಳಗೆ ಅಥವಾ ತಣ್ಣಗಿನ ಬಂಡೆಗಳ ಸಂದಿಯಲ್ಲಿ ಬಚ್ಚಿಡುತ್ತದೆ. ಮನೆಯ ಫ್ರಿಡ್ಜ್ ಮಾಡುವ ಕೆಲಸವನ್ನು ಅಲ್ಲಿನ ಚಳಿ ಮಾಡುತ್ತದೆ. ಮಾಂಸ ಕೊಳೆಯುವುದಿಲ್ಲ, ನೊಣ ಮತ್ತು ಬ್ಯಾಕ್ಟೀರಿಯಾಗಳ ಕಾಟವೂ ಕಡಿಮೆ.

ಅಗಲವಾದ ಪಾದಗಳಿರುವುದರಿಂದ ಮೆತ್ತನೆಯ ಹಿಮದ ಮೇಲೂ ಹೂತುಹೋಗದೆ ಓಡುತ್ತದೆ. ಅಮೆರಿಕದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ಸಂಶೋಧಕರು ಎಂ3 ಎಂದು ಗುರುತಿಸಿದ್ದ ಒಂದು ಗಂಡು, ಚಳಿಗಾಲದಲ್ಲಿ ಮೌಂಟ್ ಕ್ಲೀವ್‌ಲ್ಯಾಂಡ್ ಶಿಖರದ ಕೊನೆಯ ಸುಮಾರು 1500 ಮೀಟರ್ ಏರನ್ನು 90 ನಿಮಿಷಗಳಲ್ಲಿ ಹತ್ತಿತ್ತು. ಅದರ ಕೊರಳಿನ ಜಿಪಿಎಸ್ ಪಟ್ಟಿ ಇದನ್ನು ದಾಖಲಿಸಿದೆ.

ಇಷ್ಟು ಓಡಾಡುವ ಪ್ರಾಣಿಗೆ ಜಾಗವೂ ಅಷ್ಟೇ ಬೇಕು. ಒಂದು ಗಂಡಿನ ವಾಸವ್ಯಾಪ್ತಿ 500 ಚದರ ಕಿಲೋಮೀಟರ್ ಮೀರುವುದುಂಟು. ನಮ್ಮ ನಾಗರಹೊಳೆ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 643 ಚದರ ಕಿಲೋಮೀಟರ್. ಹತ್ತಾರು ಹುಲಿಗಳು ಬಾಳುವಷ್ಟು ಜಾಗದಲ್ಲಿ ಬೆರಳೆಣಿಕೆಯ ವುಲ್ವರೀನ್‌ಗಳು ಮಾತ್ರ ಇರಬಲ್ಲವು. ಹಾಗಾಗಿ ಈ ಪ್ರಾಣಿ ಎಲ್ಲೂ ಹೆಚ್ಚಿನ ಸಂಖ್ಯೆಯಲ್ಲಿರುವುದಿಲ್ಲ. ಸಂತಾನವೂ ನಿಧಾನ. ಬೇಸಿಗೆಯಲ್ಲಿ ಕೂಡಿದರೂ ಭ್ರೂಣವು ಗರ್ಭಕೋಶಕ್ಕೆ ಅಂಟಿಕೊಂಡು ಬೆಳೆಯತೊಡಗುವುದು ಚಳಿಗಾಲದಲ್ಲಿ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಬಿಳಿ ತುಪ್ಪಳದ ಎರಡು ಮೂರು ಮರಿಗಳು ಹುಟ್ಟುತ್ತವೆ. ಎಲ್ಲ ಹೆಣ್ಣುಗಳೂ ಪ್ರತಿವರ್ಷ ಮರಿ ಹಾಕುವುದಿಲ್ಲ.

ಕಾಣದ ಪ್ರಾಣಿಯನ್ನು ಎಣಿಸುವ ಬಗೆ

ವುಲ್ವರೀನ್ ಮನುಷ್ಯರ ಕಣ್ಣಿಗೆ ಬೀಳುವುದೇ ಅಪರೂಪ. 1970ರ ದಶಕದಲ್ಲಿ ಮೊಂಟಾನಾದಲ್ಲಿ ಮಾರಿಸ್ ಹಾರ್ನಾಕರ್ ಮತ್ತು ಹೊವರ್ಡ್ ಹ್ಯಾಶ್, ಅದೇ ದಶಕದ ಕೊನೆಯಲ್ಲಿ ಅಲಾಸ್ಕದಲ್ಲಿ ಆಡ್ರಿ ಮಗೂನ್ ಅಧ್ಯಯನ ಆರಂಭಿಸಿದ ಮೇಲೆ ಅದರ ಬದುಕು ಸ್ವಲ್ಪಸ್ವಲ್ಪವಾಗಿ ತಿಳಿಯತೊಡಗಿತು. ದಪ್ಪ ಮರದ ದಿಮ್ಮಿಗಳಿಂದ ಮಾಡಿದ ಬೋನಿನಲ್ಲಿ ಹಿಡಿದು, ರೇಡಿಯೊ ಪಟ್ಟಿ ಕಟ್ಟಿ ಬಿಡುವುದು ಒಂದು ವಿಧಾನ. ಮುಳ್ಳುತಂತಿಯ ಕುಂಚಕ್ಕೆ ಸಿಕ್ಕಿಕೊಂಡ ಕೂದಲಿನಿಂದ ಡಿಎನ್‌ಎ ಪರೀಕ್ಷಿಸುವುದು ಇನ್ನೊಂದು. ಮೂರನೆಯದು ಕ್ಯಾಮೆರಾ. ಎತ್ತರದಲ್ಲಿ ಮಾಂಸ ನೇತುಹಾಕಿದರೆ ಅದನ್ನು ಹಿಡಿಯಲು ಪ್ರಾಣಿ ಮೈಚಾಚುತ್ತದೆ, ಆಗ ಎದೆಯ ಮೇಲಿನ ತಿಳಿ ಬಣ್ಣದ ಮಚ್ಚೆ ಕಾಣುತ್ತದೆ. ಒಂದರ ಮಚ್ಚೆ ಇನ್ನೊಂದಕ್ಕೆ ಇರುವುದಿಲ್ಲ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಹುಲಿಗಳ ಪಟ್ಟೆ ನೋಡಿ ಒಂದೊಂದನ್ನೂ ಗುರುತಿಸಿ ಎಣಿಸಿದ್ದೂ ಇದೇ ತತ್ವದಿಂದ.

ಹಿಮದ ಪ್ರಶ್ನೆ

ತಾಯಿ ವುಲ್ವರೀನ್ ಆಳವಾದ ಹಿಮದೊಳಗೆ ಸುರಂಗ ಕೊರೆದು ಮರಿ ಹಾಕುತ್ತದೆ. ಆ ಹಿಮ ಮರಿಗಳಿಗೆ ಬೆಚ್ಚನೆಯ ಹೊದಿಕೆ, ಬೇಟೆಗಾರ ಪ್ರಾಣಿಗಳಿಂದ ರಕ್ಷಣೆಯೂ ಹೌದು. 2010ರಲ್ಲಿ ಜೆಫ್ ಕೋಪ್‌ಲ್ಯಾಂಡ್ ಮತ್ತು ಸಂಗಡಿಗರು ಉತ್ತರ ಅಮೆರಿಕ ಹಾಗೂ ಉತ್ತರ ಯುರೋಪಿನ 562 ಮರಿಬಿಲಗಳನ್ನು ಏಳು ವರ್ಷಗಳ ಉಪಗ್ರಹ ಚಿತ್ರಗಳೊಂದಿಗೆ ಹೋಲಿಸಿ ನೋಡಿದರು. ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ, ಆ ಏಳರಲ್ಲಿ ಒಂದು ವರ್ಷವಾದರೂ ಹಿಮ ಉಳಿದಿದ್ದ ಜಾಗಗಳಲ್ಲೇ ಶೇಕಡಾ 98ರಷ್ಟು ಬಿಲಗಳಿದ್ದವು. ವಸಂತದ ಹಿಮವಿಲ್ಲದಿದ್ದರೆ ವುಲ್ವರೀನ್ ಇಲ್ಲ ಎಂಬ ತೀರ್ಮಾನ ಬಲವಾಯಿತು. ಮರುವರ್ಷ ಬಂದ ಇನ್ನೊಂದು ಅಧ್ಯಯನ, ಭೂಮಿ ಹೀಗೆಯೇ ಬಿಸಿಯಾಗುತ್ತಾ ಹೋದರೆ ಶತಮಾನದ ಕೊನೆಯ ಹೊತ್ತಿಗೆ ಪಶ್ಚಿಮ ಅಮೆರಿಕದ ಅಂತಹ ಹಿಮಪ್ರದೇಶದಲ್ಲಿ ಮೂರರಲ್ಲಿ ಎರಡು ಪಾಲಿನ ಹತ್ತಿರ ಕರಗಿಹೋಗಬಹುದು ಎಂದು ಅಂದಾಜಿಸಿತು.

ಇಲ್ಲಿಂದ ವಿಷಯ ಪ್ರಯೋಗಾಲಯ ಬಿಟ್ಟು ನ್ಯಾಯಾಲಯಕ್ಕೆ ಹೋಯಿತು. ಅಲಾಸ್ಕ ಬಿಟ್ಟರೆ ಅಮೆರಿಕದಲ್ಲಿ ಉಳಿದಿರುವುದು ಸುಮಾರು 300 ವುಲ್ವರೀನ್‌ಗಳು. 2013ರಲ್ಲಿ ಅಲ್ಲಿನ ಮೀನು ಮತ್ತು ವನ್ಯಜೀವಿ ಸೇವೆ ಇವುಗಳಿಗೆ ಕಾನೂನಿನ ರಕ್ಷಣೆ ಕೊಡುವ ಪ್ರಸ್ತಾವ ಮಾಡಿತು. 2014ರಲ್ಲಿ ಹಿಂತೆಗೆದುಕೊಂಡಿತು. 2016ರಲ್ಲಿ ನ್ಯಾಯಾಲಯ ಮತ್ತೆ ಪರಿಶೀಲಿಸಲು ಹೇಳಿತು. 2020ರಲ್ಲಿ ಮತ್ತೆ ಬೇಡವೆಂದಾಯಿತು. 2022ರಲ್ಲಿ ನ್ಯಾಯಾಲಯ ಆ ನಿರ್ಧಾರವನ್ನೂ ತಳ್ಳಿಹಾಕಿತು. ಕೊನೆಗೆ 2023ರ ನವೆಂಬರ್‌ನಲ್ಲಿ ‘ಅಪಾಯಕ್ಕೆ ಸಿಲುಕಿದ’ ಪ್ರಭೇದಗಳ ಪಟ್ಟಿಗೆ ಸೇರಿತು. ಇಡೀ ಜಗತ್ತಿನ ಲೆಕ್ಕದಲ್ಲಿ ನೋಡಿದರೆ ಐಯುಸಿಎನ್ ಪಟ್ಟಿಯಲ್ಲಿ ಇದು ಕಡಿಮೆ ಆತಂಕದ ಪ್ರಾಣಿ. ಒಂದು ಜೀವಿ ಒಟ್ಟಾರೆ ಸುರಕ್ಷಿತವಾಗಿದ್ದರೂ ತನ್ನ ನೆಲೆಯ ಒಂದು ಅಂಚಿನಲ್ಲಿ ಅಳಿಯಬಹುದು ಎಂಬುದಕ್ಕೆ ಇದು ಉದಾಹರಣೆ.

ಜೊತೆಗಿದ್ದ ಮಾತ್ರಕ್ಕೆ ಕಾರಣವೆ?

ಈ ನಡುವೆ ಬೇರೆ ಕಡೆಯಿಂದ ಬೇರೆ ಸುದ್ದಿ ಬಂತು. ಸ್ವೀಡನ್ನಿನಲ್ಲಿ ವುಲ್ವರೀನ್‌ಗಳು ಬೆಟ್ಟದಿಂದಿಳಿದು ಕಾಡಿನ ಕಡೆಗೆ ಹಬ್ಬುತ್ತಿದ್ದವು. ವಸಂತದವರೆಗೆ ಹಿಮ ನಿಲ್ಲದ ಜಾಗಗಳಲ್ಲೂ ಮರಿ ಹಾಕುತ್ತಿದ್ದವು. ಕೆನಡಾದ ಆಲ್ಬರ್ಟಾದ ತಗ್ಗು ಕಾಡಿನಲ್ಲಿ ಬುಡಮೇಲಾಗಿ ಬಿದ್ದ ಮರಗಳ ಬೇರಿನ ಅಡಿಯಲ್ಲಿ ಮರಿಬಿಲಗಳು ಸಿಕ್ಕವು.

ಹಾಗಾದರೆ ಮೊದಲಿನ ಅಧ್ಯಯನ ಸುಳ್ಳೇ? ಖಂಡಿತ ಅಲ್ಲ. ಬಿಲಗಳೂ ಹಿಮವೂ ಜೊತೆಗಿದ್ದದ್ದು ನಿಜ. ಅದಕ್ಕೆ ಕಾರಣವೇನು ಎಂಬುದು ಬೇರೆ ಪ್ರಶ್ನೆ. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಮನುಷ್ಯರು ವಿಷವಿಟ್ಟು, ಬೋನಿಟ್ಟು ವುಲ್ವರೀನ್‌ಗಳನ್ನು ಅನೇಕ ಕಡೆ ನಿರ್ನಾಮ ಮಾಡಿದ್ದರು. ಆಗ ಉಳಿದುಕೊಂಡವು ಹೆಚ್ಚಾಗಿ ಎಲ್ಲಿದ್ದವು? ಮನುಷ್ಯ ಸುಲಭವಾಗಿ ತಲುಪಲಾಗದ ಎತ್ತರದ ಜಾಗಗಳಲ್ಲಿ. ಹಿಮ ಹೆಚ್ಚು ಕಾಲ ನಿಲ್ಲುವುದೂ ಅಲ್ಲೇ. ಹಾಗಾಗಿ ಹಿಮದ ನಕ್ಷೆ ಭಾಗಶಃ ನಮ್ಮಿಂದ ತಪ್ಪಿಸಿಕೊಂಡವರ ನಕ್ಷೆಯೂ ಆಗಿರಬಹುದು. ಕೊಲ್ಲುವುದು ನಿಂತ ಕಡೆ ಅವು ಮತ್ತೆ ಕೆಳಗಿಳಿಯುತ್ತಿರುವುದು ಈ ಊಹೆಗೆ ಬಲ ಕೊಡುತ್ತದೆ. ಹಾಗೆಂದು ಹಿಮ ಕರಗಿದರೆ ಚಿಂತೆಯಿಲ್ಲ ಎಂದು ಹೇಳುವಂತಿಲ್ಲ. ಆಹಾರ ಕೆಡದಂತಿಡಲು ಚಳಿ ಬೇಕು, ಬಂಡೆ ಮತ್ತು ಹಿಮವೇ ಇರುವ ಬೆಟ್ಟಗಳಲ್ಲಿ ಬೇರೆ ಆಸರೆಯೂ ಕಡಿಮೆ.

ಒಂಟಿ ಪಯಣ

ನಮ್ಮ ಜೀವಶಾಸ್ತ್ರ ಪಠ್ಯದಲ್ಲಿ ಜೀವವೈವಿಧ್ಯ ನಾಶದ ಮೊದಲ ಕಾರಣವಾಗಿ ಓದುವುದು ಆವಾಸದ ನಾಶ ಮತ್ತು ವಿಭಜನೆ. ಅದಕ್ಕೆ ಎಂ56ರ ಕಥೆ ಸಾಕ್ಷಿ. ವಯೋಮಿಂಗ್‌ನಲ್ಲಿ ಪಟ್ಟಿ ಕಟ್ಟಿಸಿಕೊಂಡ ಈ ಎಳೆಯ ಗಂಡು 2009ರಲ್ಲಿ ಸುಮಾರು 800 ಕಿಲೋಮೀಟರ್ ಅಲೆದು, ಹೆದ್ದಾರಿ ದಾಟಿ ಕೊಲೊರಾಡೊ ತಲುಪಿತು. 1919ರ ನಂತರ ಆ ರಾಜ್ಯದಲ್ಲಿ ಖಚಿತವಾಗಿ ಕಂಡ ಮೊದಲ ವುಲ್ವರೀನ್ ಅದು. ಆದರೆ ಜೊತೆಯಾಗಲು ಅಲ್ಲಿ ಹೆಣ್ಣೇ ಇರಲಿಲ್ಲ. 2016ರಲ್ಲಿ ದೂರದ ನಾರ್ತ್ ಡಕೋಟಾದ ದನಗಳ ಫಾರ್ಮ್‌ನಲ್ಲಿ ಗುಂಡಿಗೆ ಬಲಿಯಾಯಿತು. ಕೆನಡಾದ ಬ್ಯಾನ್ಫ್ ಸುತ್ತಮುತ್ತಲಿನ ಡಿಎನ್‌ಎ ಅಧ್ಯಯನ ಇದರ ಹಿಂದಿನ ಕಾರಣವನ್ನು ತೋರಿಸಿದೆ. ಅಲ್ಲಿನ ಹೆದ್ದಾರಿಯನ್ನು ಗಂಡುಗಳು ಹೇಗೋ ದಾಟುತ್ತವೆ, ಹೆಣ್ಣುಗಳು ಬಹಳ ಕಡಿಮೆ. ಹೆಣ್ಣು ದಾಟದ ಕಡೆ ಹೊಸ ಸಂಸಾರ ಹುಟ್ಟುವುದಿಲ್ಲ. ಕೊಲೊರಾಡೊ ಸರ್ಕಾರ 2024ರಲ್ಲಿ, ವುಲ್ವರೀನ್‌ಗಳನ್ನು ತಂದು ಬಿಡಲು ಅವಕಾಶ ಕೊಡುವ ಕಾನೂನು ಮಾಡಿದೆ. ವಾಷಿಂಗ್ಟನ್ ರಾಜ್ಯದ ಮೌಂಟ್ ರೇನಿಯರ್‌ನಲ್ಲಿ ನೂರು ವರ್ಷಗಳ ನಂತರ ಮೊದಲ ಬಾರಿಗೆ, 2020ರಲ್ಲಿ, ಮರಿಗಳೊಂದಿಗೆ ತಾಯಿಯೊಂದು ಕಾಣಿಸಿಕೊಂಡಿದೆ.

ಕುರುಬರ ಪಾಲು

ಸಂರಕ್ಷಣೆ ಎಂದರೆ ಪ್ರಾಣಿಯ ಲೆಕ್ಕ ಮಾತ್ರ ಸಾಲದು. ಸ್ವೀಡನ್ನಿನ ಸಾಮಿ ಜನರು ಹಿಮಸಾರಂಗ ಸಾಕಿ ಬದುಕುವವರು. ವುಲ್ವರೀನ್ ಅವರ ಹಿಮಸಾರಂಗಗಳನ್ನು ಹಿಡಿಯುತ್ತದೆ. 1969ರಲ್ಲೇ ಕಾನೂನು ರಕ್ಷಣೆ ಬಂದರೂ ಕದ್ದು ಕೊಲ್ಲುವುದು ನಿಂತಿರಲಿಲ್ಲ. 1996ರಲ್ಲಿ ಸರ್ಕಾರ ದಾರಿ ಬದಲಿಸಿತು. ಸತ್ತ ಹಿಮಸಾರಂಗಕ್ಕೆ ಪರಿಹಾರ ಕೊಡುವ ಬದಲು, ಆ ಪ್ರದೇಶದಲ್ಲಿ ವುಲ್ವರೀನ್ ಮರಿ ಹಾಕಿದ್ದು ದೃಢಪಟ್ಟರೆ ಸಾಮಿ ಸಮುದಾಯಕ್ಕೆ ಹಣ ಕೊಡತೊಡಗಿತು. ಒಂದು ಮರಿಬಿಲಕ್ಕೆ 2 ಲಕ್ಷ ಸ್ವೀಡಿಷ್ ಕ್ರೋನರ್. ಇದರಿಂದ ಬದುಕಿರುವ ತಾಯಿ ವುಲ್ವರೀನ್ ಕುರುಬನಿಗೂ ಬೆಲೆಯುಳ್ಳದ್ದಾಯಿತು. ಸುಮಾರು ಒಂದು ದಶಕದಲ್ಲಿ ಅವುಗಳ ಸಂಖ್ಯೆ ದುಪ್ಪಟ್ಟು ಮೀರಿತೆಂದು ಜೆನ್ಸ್ ಪರ್ಸನ್ ತಂಡ 2015ರಲ್ಲಿ ವರದಿ ಮಾಡಿತು. ಸಂರಕ್ಷಣೆಯ ಹೊರೆಯನ್ನು ಬಡ ದನಗಾಹಿಯ ಹೆಗಲಿಗಷ್ಟೇ ಹಾಕದೆ ಇಡೀ ದೇಶ ಹಂಚಿಕೊಂಡದ್ದು ಇದರಲ್ಲಿ ಮುಖ್ಯ. ಆನೆ, ಚಿರತೆಗಳ ಪಕ್ಕದಲ್ಲಿ ಬೇಸಾಯ ಮಾಡುವ ನಮ್ಮ ಜನರ ವಿಷಯದಲ್ಲೂ ಇದೇ ಪ್ರಶ್ನೆ ಇದೆ.

ಸೃಷ್ಟಿ ನಮ್ಮ ಕೈಯಲ್ಲಿರುವ ಅಮಾನತ್ ಎಂದು ನಾವು ಆಗಾಗ ಹೇಳುತ್ತೇವೆ. ಅಮಾನತ್ ಕಾಯುವವನ ಬಳಿ ಲೆಕ್ಕ ಸರಿಯಾಗಿರಬೇಕು. ಏನಿದೆ, ಎಷ್ಟಿದೆ, ಯಾವ ಕಾರಣಕ್ಕೆ ಕಡಿಮೆಯಾಗುತ್ತಿದೆ ಎಂಬುದು ಗೊತ್ತಿರಬೇಕು. ಹಿಮದ ಬೆಟ್ಟಗಳಲ್ಲಿ ಬಿಲ ಎಣಿಸಿದವರು, ಕಾಡಿನಲ್ಲಿ ಅದಕ್ಕೆ ವಿರುದ್ಧವಾದ ಸಾಕ್ಷ್ಯ ತಂದವರು ಇಬ್ಬರೂ ಮಾಡಿದ್ದು ಆ ಲೆಕ್ಕವನ್ನು ಸರಿಪಡಿಸುವ ಕೆಲಸವನ್ನೇ. ಮುಂದಿನ ಬಾರಿ ಪ್ರಾಯೋಗಿಕ ತರಗತಿಯಲ್ಲಿ ಎರಡು ಸಂಗತಿಗಳು ಜೊತೆಯಾಗಿ ಏರುವುದು ಅಥವಾ ಇಳಿಯುವುದು ಕಂಡಾಗ, ಒಂದು ಇನ್ನೊಂದಕ್ಕೆ ಕಾರಣವೆಂದು ರೆಕಾರ್ಡ್‌ನಲ್ಲಿ ಬರೆಯುವ ಮೊದಲು ಮೂರನೆಯದೊಂದು ಹಿಂದೆ ನಿಂತಿದೆಯೇ ಎಂದು ಒಮ್ಮೆ ನೋಡಿ.